ನೀರಿನ ಲೆಕ್ಕದ ಮೇಲೆ ನಿಂತ ಕಾಡು: ಕೊಲರಾಡೊ ಪ್ರಸ್ಥಭೂಮಿಯ ಪಿನ್ಯನ್ ಮತ್ತು ಜೂನಿಪರ್

ಅಮೆರಿಕದ ಅರಿಜೋನಾ ರಾಜ್ಯದ ಫೀನಿಕ್ಸ್‌ನಲ್ಲಿ ನೆಲೆಸಿರುವ ಕನ್ನಡಿಗರು, ಊರಿನಿಂದ ಬಂದ ತಂದೆತಾಯಿಯರಿಗೆ ಗ್ರ್ಯಾಂಡ್ ಕ್ಯಾನ್ಯನ್ ತೋರಿಸಲು ಹೊರಟಾಗ, ಫ್ಲ್ಯಾಗ್‌ಸ್ಟಾಫ್ ತಲುಪುವ ಮೊದಲ ಎರಡೂವರೆ ಗಂಟೆಗಳಲ್ಲೇ ಹಲವು ಸಸ್ಯಲೋಕಗಳನ್ನು ದಾಟಿರುತ್ತಾರೆ. ಸಮುದ್ರಮಟ್ಟದಿಂದ ಸುಮಾರು 330 ಮೀಟರ್ ಎತ್ತರದ ಫೀನಿಕ್ಸ್‌ನ ಸುತ್ತ ಆಳೆತ್ತರವನ್ನೂ ಮೀರಿ ನಿಂತ ಸಾಗ್ವಾರೊ ಕಳ್ಳಿಗಳಿವೆ. ಹೆದ್ದಾರಿ ಏರತೊಡಗಿದಂತೆ ಅವು ಮರೆಯಾಗಿ ಹುಲ್ಲುಗಾವಲು ಬರುತ್ತದೆ, ಆಮೇಲೆ ಒಂದಕ್ಕೊಂದು ತಾಗದಂತೆ ಹರಡಿಕೊಂಡ ಕುಳ್ಳ ಮರಗಳು, ಕೊನೆಗೆ 2,100 ಮೀಟರ್ ಎತ್ತರದಲ್ಲಿ ನೆಟ್ಟಗೆ ಬೆಳೆದ ಪಾಂಡೆರೋಸಾ ಪೈನ್ ಕಾಡು. ಕಳ್ಳಿಯ ಫೋಟೊ ತೆಗೆಯುವವರೂ ಪೈನ್ ಕಾಡಿನಲ್ಲಿ ಕಾರು ನಿಲ್ಲಿಸುವವರೂ ನಡುವಿನ ಆ ಕುಳ್ಳ ಮರಗಳನ್ನು ಪೊದೆಗಳೆಂದೇ ಭಾವಿಸಿ ಮುಂದೆ ಸಾಗುತ್ತಾರೆ. ಆದರೆ ಎತ್ತರದ ಒಣ ಪ್ರಸ್ಥಭೂಮಿಯಲ್ಲಿ ಯಾವ ಗಿಡ ಎಲ್ಲಿ ನಿಲ್ಲುತ್ತದೆ, ಏಕೆ ಅಲ್ಲೇ ನಿಲ್ಲುತ್ತದೆ ಎಂಬುದನ್ನು ಅರಿಯಲು ಆ ಮರಗಳಷ್ಟು ಒಳ್ಳೆಯ ಉದಾಹರಣೆ ಇನ್ನೊಂದಿಲ್ಲ. ಅವು ಪಿನ್ಯನ್ ಎಂಬ ಪೈನ್ ಮತ್ತು ಜೂನಿಪರ್. ಅಮೆರಿಕದ ಪಶ್ಚಿಮ ರಾಜ್ಯಗಳಲ್ಲಿ ಅತಿ ವಿಸ್ತಾರವಾಗಿ ಹಬ್ಬಿರುವ ಕಾಡಿನ ಬಗೆಗಳಲ್ಲಿ ಇವೆರಡರ ಸಹವಾಸವೂ ಒಂದು.

ಈ ಕಾಡಿನ ಮುಖ್ಯ ನೆಲೆಗಳಲ್ಲೊಂದು ಕೊಲರಾಡೊ ಪ್ರಸ್ಥಭೂಮಿ. ಯೂಟಾ, ಕೊಲರಾಡೊ, ನ್ಯೂ ಮೆಕ್ಸಿಕೊ, ಅರಿಜೋನಾ ಎಂಬ ನಾಲ್ಕು ರಾಜ್ಯಗಳ ಗಡಿಗಳು ಕೂಡುವ ಬಿಂದುವಿನ ಸುತ್ತ ಹರಡಿರುವ ಇದರ ವಿಸ್ತೀರ್ಣ ಮೂರು ಲಕ್ಷ ಚದರ ಕಿಲೋಮೀಟರಿಗೂ ಹೆಚ್ಚು. ನೆಲದ ಬಹುಭಾಗ 1,500 ಮೀಟರಿಗಿಂತ ಎತ್ತರದಲ್ಲಿದೆ. ಪೆಸಿಫಿಕ್ ಸಾಗರದಿಂದ ಬರುವ ತೇವದ ಗಾಳಿ ದಾರಿಯಲ್ಲೇ ಸಿಯೆರಾ ನೆವಾಡದಂಥ ಪರ್ವತಸಾಲುಗಳ ಮೇಲೆ ಹೆಚ್ಚಿನ ನೀರನ್ನು ಸುರಿಸಿಬಿಡುವುದರಿಂದ ಪ್ರಸ್ಥಭೂಮಿ ಮಳೆನೆರಳಿನಲ್ಲಿ ಉಳಿಯುತ್ತದೆ. ಇಲ್ಲಿಗೆ ನೀರು ಬರುವುದು ವರ್ಷದಲ್ಲಿ ಎರಡು ಸಲ: ಚಳಿಗಾಲದಲ್ಲಿ ಹಿಮವಾಗಿ, ಜುಲೈನಿಂದ ಸೆಪ್ಟೆಂಬರ್‌ವರೆಗೆ ದಕ್ಷಿಣದಿಂದ ಏರಿ ಬರುವ ಗುಡುಗುಮಳೆಯಾಗಿ. ನಿಧಾನವಾಗಿ ಕರಗುವ ಹಿಮದ ನೀರು ನೆಲದ ಆಳಕ್ಕೆ ಇಳಿಯುತ್ತದೆ. ಬೇಸಿಗೆಯ ಬಿರುಮಳೆ ಮೇಲ್ಮಣ್ಣನ್ನು ನೆನೆಸಿ, ಉಳಿದದ್ದು ಹಳ್ಳ ಹಿಡಿದು ಹರಿದುಹೋಗುತ್ತದೆ. ಇವೆರಡರ ನಡುವಿನ ಮೇ ಮತ್ತು ಜೂನ್ ತಿಂಗಳುಗಳು ಬಿಸಿಲೂ ಬಿರುಗಾಳಿಯೂ ತುಂಬಿದ ಒಣ ಅವಧಿ. ಆ ಎರಡು ತಿಂಗಳನ್ನು ದಾಟಬಲ್ಲ ಗಿಡಕ್ಕೆ ಮಾತ್ರ ಇಲ್ಲಿ ಜಾಗವಿದೆ.

ಎತ್ತರ ಹೆಚ್ಚಿದಂತೆ ಗಿಡಗಳು ಬದಲಾಗುವುದೇಕೆ? ಸಾವಿರ ಮೀಟರ್ ಮೇಲೇರಿದರೆ ಉಷ್ಣತೆ ಸರಾಸರಿ ಆರೂವರೆ ಡಿಗ್ರಿ ಸೆಲ್ಸಿಯಸ್‌ನಷ್ಟು ಇಳಿಯುತ್ತದೆ ಎಂಬುದು ಶಾಲೆಯಲ್ಲೇ ಕಲಿಯುವ ವಿಷಯ. ಆದರೆ ಒಣನಾಡಿನಲ್ಲಿ ತಂಪು ಮುಖ್ಯವಾಗುವುದು ತಂಪಿಗಾಗಿ ಮಾತ್ರವಲ್ಲ. ಗ್ರ್ಯಾಂಡ್ ಕ್ಯಾನ್ಯನ್‌ನ ತಳದಲ್ಲಿ, ಕೊಲರಾಡೊ ನದಿಯ ಬದಿಯಲ್ಲಿ, ವರ್ಷಕ್ಕೆ ಬೀಳುವ ಮಳೆ ಸುಮಾರು 230 ಮಿಲಿಮೀಟರ್; 2,100 ಮೀಟರ್ ಎತ್ತರದ ದಕ್ಷಿಣದ ಅಂಚಿನಲ್ಲಿ ಸುಮಾರು 400; ಅದಕ್ಕಿಂತ ಮುನ್ನೂರು ಮೀಟರ್ ಮೇಲಿರುವ ಉತ್ತರದ ಅಂಚಿನಲ್ಲಿ ಸುಮಾರು 640. ಮೇಲೇರಿದಂತೆ ಮಳೆ ಹೆಚ್ಚುತ್ತದೆ. ಅದೇ ಹೊತ್ತಿಗೆ ಗಾಳಿ ತಂಪಾಗುವುದರಿಂದ ಮಣ್ಣಿನಿಂದಲೂ ಎಲೆಯಿಂದಲೂ ನೀರು ಆವಿಯಾಗಿ ಹೋಗುವುದು ಕಡಿಮೆಯಾಗುತ್ತದೆ. ಬರುವ ನೀರು ಹೆಚ್ಚಿ ಹೋಗುವ ನೀರು ಇಳಿಯುವುದರಿಂದ, ಗಿಡದ ಪಾಲಿಗೆ ಉಳಿಯುವ ತೇವದಲ್ಲಿ ಮಳೆಯ ಅಂಕಿಗಳು ತೋರಿಸುವುದಕ್ಕಿಂತ ದೊಡ್ಡ ವ್ಯತ್ಯಾಸ ಉಂಟಾಗುತ್ತದೆ. ಕೆಳಗಿನಿಂದ ಮೇಲಕ್ಕೆ ಹೋಗುವಾಗ ಪ್ರತಿ ಸಸ್ಯದ ಕೆಳಗಡೆಯ ಗಡಿಯನ್ನು ಸಾಮಾನ್ಯವಾಗಿ ನೀರಿನ ಕೊರತೆ ನಿರ್ಧರಿಸುತ್ತದೆ. ಮೇಲ್ಗಡಿಯನ್ನು ಚಳಿ, ಹಿಮದ ಭಾರ ಮತ್ತು ಎತ್ತರಕ್ಕೆ ಬೆಳೆಯುವ ಬೇರೆ ಮರಗಳ ನೆರಳು ನಿರ್ಧರಿಸುತ್ತವೆ.

ಈ ವಲಯಗಳನ್ನು ಮೊದಲ ಬಾರಿಗೆ ವ್ಯವಸ್ಥಿತವಾಗಿ ವಿವರಿಸಿದವರು ಸಿ. ಹಾರ್ಟ್ ಮೆರಿಯಮ್. ಅಮೆರಿಕದ ಕೃಷಿ ಇಲಾಖೆಯ ಪರವಾಗಿ ಅವರು 1889ರಲ್ಲಿ ಫ್ಲ್ಯಾಗ್‌ಸ್ಟಾಫ್‌ನ ಪಕ್ಕದ ಸ್ಯಾನ್ ಫ್ರಾನ್ಸಿಸ್ಕೊ ಪರ್ವತದಲ್ಲಿ ಬೀಡುಬಿಟ್ಟು, ಗ್ರ್ಯಾಂಡ್ ಕ್ಯಾನ್ಯನ್‌ನ ತಳದಿಂದ 3,851 ಮೀಟರ್ ಎತ್ತರದ ಶಿಖರದವರೆಗೆ ಗಿಡಗಳನ್ನೂ ಪ್ರಾಣಿಗಳನ್ನೂ ಗುರುತಿಸಿದರು. ಈ ಒಂದೇ ಏರಿಕೆಯಲ್ಲಿ ಕಾಣುವ ಬದಲಾವಣೆಯು ಮೆಕ್ಸಿಕೊದ ಮರುಭೂಮಿಯಿಂದ ಕೆನಡಾದ ಉತ್ತರದಂಚಿನವರೆಗೆ ಪ್ರಯಾಣ ಮಾಡಿದರೆ ಕಾಣುವ ಬದಲಾವಣೆಯನ್ನು ಹೋಲುತ್ತದೆ ಎಂದು ಅವರು ಹೇಳಿದರು. ವಲಯಗಳಿಗೆ ಮೆಕ್ಸಿಕೊದ ಸೊನೋರಾ, ಕೆನಡಾ ಮತ್ತು ಅಲ್ಲಿನ ಹಡ್ಸನ್ ಕೊಲ್ಲಿಯ ಹೆಸರುಗಳಿಂದ ಸೊನೋರನ್, ಕೆನಡಿಯನ್, ಹಡ್ಸೋನಿಯನ್ ಎಂಬ ಹೆಸರುಗಳನ್ನಿಟ್ಟದ್ದೂ ಆ ಕಾರಣಕ್ಕೇ. ಮೆರಿಯಮ್ ಅವರ ಗಮನಿಕೆ ಇಂದಿಗೂ ಬೆಲೆಯುಳ್ಳದ್ದು. ಆದರೆ ಎಲ್ಲಕ್ಕೂ ಉಷ್ಣತೆಯೇ ಕಾರಣವೆಂಬ ಅವರ ವಿವರಣೆಯನ್ನು ನಂತರದ ವಿಜ್ಞಾನಿಗಳು ಒಪ್ಪಲಿಲ್ಲ. ಒಣ ಪ್ರಸ್ಥಭೂಮಿಯಲ್ಲಿ ಉಷ್ಣತೆ ಬಹುಮಟ್ಟಿಗೆ ನೀರಿನ ಮೂಲಕವೇ ಕೆಲಸ ಮಾಡುತ್ತದೆ ಎಂಬುದನ್ನು ಗಮನಿಸದಿದ್ದರೆ ಇಲ್ಲಿನ ಕಾಡು ಅರ್ಥವಾಗುವುದಿಲ್ಲ.

ಕೆಳಗಿನಿಂದ ಮೇಲಕ್ಕೆ ಸಾಗುವವರಿಗೆ ಕಾಣುವ ಕ್ರಮ ಸ್ಥೂಲವಾಗಿ ಹೀಗಿದೆ. ನದಿಯ ದಡದಲ್ಲಿ ಕಾಟನ್‌ವುಡ್, ವಿಲ್ಲೊ ಮರಗಳು. ಅವುಗಳೊಡನೆ ಹಳೆಯ ಪ್ರಪಂಚದಿಂದ ತಂದು ಬೆಳೆಸಿ ಈಗ ಹತೋಟಿ ಮೀರಿರುವ ಟ್ಯಾಮರಿಸ್ಕ್. ದಡವನ್ನು ಬಿಟ್ಟು ನಾಲ್ಕು ಹೆಜ್ಜೆ ಮೇಲೆ ಬಂದರೆ ಉಪ್ಪುಮಣ್ಣನ್ನು ಸಹಿಸುವ ಸಾಲ್ಟ್‌ಬುಶ್, ಬ್ಲ್ಯಾಕ್‌ಬ್ರಶ್, ಎಫೆಡ್ರಾದಂಥ ಮೊಣಕಾಲೆತ್ತರದ ಪೊದೆಗಳು. ಸುಮಾರು 1,500 ಮೀಟರ್ ಹೊತ್ತಿಗೆ ಮೊದಲ ಜೂನಿಪರ್‌ಗಳು ಒಂಟೊಂಟಿಯಾಗಿ ಕಾಣಿಸಿಕೊಳ್ಳುತ್ತವೆ. ಇನ್ನಷ್ಟು ಏರಿದಂತೆ ಪಿನ್ಯನ್ ಬೆರೆಯುತ್ತದೆ. ವಲಯದ ಮೇಲ್ಭಾಗದಲ್ಲಿ ಪಿನ್ಯನ್‌ದೇ ಮೇಲುಗೈ. 2,100ರಿಂದ 2,300 ಮೀಟರ್‌ಗಳ ಆಸುಪಾಸಿನಲ್ಲಿ ಈ ಕಾಡು ಗ್ಯಾಂಬೆಲ್ ಓಕ್ ಮತ್ತು ಪಾಂಡೆರೋಸಾ ಪೈನ್‌ಗೆ ಜಾಗ ಬಿಡುತ್ತದೆ. ಅದರ ಮೇಲೆ ಡಗ್ಲಸ್ ಫರ್, ವೈಟ್ ಫರ್, ಆಸ್ಪೆನ್. ಇನ್ನೂ ಮೇಲೆ ಸ್ಪ್ರೂಸ್. ಸುಮಾರು 3,500 ಮೀಟರಿನ ಮೇಲೆ ಮರಗಳೇ ಇಲ್ಲದ ಕಲ್ಲು ಹಾಗೂ ನೆಲಕ್ಕಂಟಿದ ಹೂಗಿಡಗಳು.

ಆದರೆ ಈ ಕ್ರಮವನ್ನು ನಕ್ಷೆಯ ಮೇಲೆ ಗೆರೆ ಎಳೆದಂತೆ ಭಾವಿಸಬಾರದು. ದಕ್ಷಿಣಕ್ಕೆ ಮುಖಮಾಡಿದ ಇಳಿಜಾರು ದಿನವಿಡೀ ಬಿಸಿಲು ಕಾಯುವುದರಿಂದ ಅಲ್ಲಿ ಪಿನ್ಯನ್ ಮತ್ತು ಜೂನಿಪರ್ ನೂರಾರು ಮೀಟರ್ ಮೇಲಕ್ಕೆ ಏರಿಹೋಗುತ್ತವೆ. ಎದುರಿನ ಉತ್ತರಮುಖದ ಇಳಿಜಾರಿನಲ್ಲಿ, ಅದೇ ಎತ್ತರದಲ್ಲಿ, ಡಗ್ಲಸ್ ಫರ್ ನಿಂತಿರುತ್ತದೆ. ಕಡಿದಾದ ಕಮರಿಗಳ ನೆರಳಿನ ಮೂಲೆಗಳಲ್ಲಿ ತಂಪು ಗಾಳಿ ಇಳಿದು ನಿಲ್ಲುವುದರಿಂದ ಮೇಲಿನ ವಲಯದ ಮರಗಳು ಕೆಳಗೂ, ಬಂಡೆಯ ಅಂಚಿನಲ್ಲಿ ಕೆಳಗಿನ ವಲಯದ ಮರಗಳು ಮೇಲೂ ಇದ್ದು ಕ್ರಮವೇ ತಲೆಕೆಳಗಾಗುವುದುಂಟು. ಮಣ್ಣಿನ ಪಾತ್ರ ಇದಕ್ಕಿಂತ ಕುತೂಹಲಕರ. ಒಂದೇ ಎತ್ತರದಲ್ಲಿ ಕಣಿವೆಯ ಆಳವಾದ ನುಣುಪು ಮಣ್ಣಿನಲ್ಲಿ ಬೂದುಬಣ್ಣದ ಸೇಜ್‌ಬ್ರಶ್ ಪೊದೆ ಬೆಳೆಯುತ್ತದೆ, ಪಕ್ಕದ ಕಲ್ಲುದಿಬ್ಬದ ಮೇಲೆ ಪಿನ್ಯನ್ ಮತ್ತು ಜೂನಿಪರ್. ಒಳ್ಳೆಯ ಮಣ್ಣು ಬಿಟ್ಟು ಮರ ಕಲ್ಲನ್ನೇ ಆರಿಸಿಕೊಂಡದ್ದು ಮೊದಲ ನೋಟಕ್ಕೆ ವಿಚಿತ್ರವೆನಿಸಬಹುದು. ಮರಳುಗಲ್ಲಿನ ಬಿರುಕುಗಳಿಗೆ ಇಳಿದ ಹಿಮದ ನೀರು ಬಿಸಿಲಿಗೆ ಸಿಗದೆ ಆಳದಲ್ಲಿ ಉಳಿಯುತ್ತದೆ ಎಂಬುದು ತಿಳಿದಾಗ ವಿಚಿತ್ರವೇನೂ ಉಳಿಯುವುದಿಲ್ಲ: ಆ ಬಿರುಕಿಗೆ ಬೇರು ಇಳಿಸಬಲ್ಲ ಮರಕ್ಕೆ ಬಂಡೆಯೇ ನೀರಿನ ತೊಟ್ಟಿ.

ಈಗ ಎರಡು ಮರಗಳನ್ನು ಹತ್ತಿರದಿಂದ ನೋಡೋಣ. ಪ್ರಸ್ಥಭೂಮಿಯ ಪಿನ್ಯನ್‌ನ ಸೂಜಿಯೆಲೆಗಳು ಎರಡೆರಡಾಗಿ ಜೊತೆಗೂಡಿರುತ್ತವೆ, ಉದ್ದ ಮೂರು ನಾಲ್ಕು ಸೆಂಟಿಮೀಟರ್. ಪಶ್ಚಿಮದ ನೆವಾಡದಲ್ಲಿ ಇದರ ಸೋದರ ಪ್ರಭೇದಕ್ಕೆ ಒಂದೊಂದೇ ಸೂಜಿ. ಜೂನಿಪರ್‌ನ ಎಲೆ ಎಲೆಯಂತೆಯೇ ಕಾಣುವುದಿಲ್ಲ. ಮೇಣ ಸವರಿದ ಸಣ್ಣ ಹುರುಪೆಗಳು ರೆಂಬೆಗೆ ಒತ್ತಾಗಿ ಅಂಟಿಕೊಂಡಿರುತ್ತವೆ. ತೊಗಟೆ ನಾರುನಾರಾಗಿ ಸುಲಿದುಬರುತ್ತದೆ. ಬರ ಬಿಗಿಯಾದಾಗ ಯೂಟಾ ಜೂನಿಪರ್ ತನ್ನ ಕೆಲವು ಕೊಂಬೆಗಳನ್ನು ಒಣಗಲು ಬಿಟ್ಟು ಉಳಿದವಕ್ಕೆ ನೀರು ಕೊಡುತ್ತದೆ; ಹೀಗಾಗಿ ಮುಕ್ಕಾಲು ಮರ ಬೆಳ್ಳಗೆ ಸತ್ತು, ಕಾಂಡದ ಒಂದೇ ಒಂದು ಪಟ್ಟಿ ತೊಗಟೆಯ ಮೂಲಕ ಜೀವ ಹರಿದು, ತುದಿಯಲ್ಲಿ ಒಂದು ಕೊಂಬೆ ಮಾತ್ರ ಹಸಿರಾಗಿರುವ ಹಳೆಯ ಮರಗಳು ಅಲ್ಲಲ್ಲಿ ಸಿಗುತ್ತವೆ. ಎರಡೂ ಮರಗಳು ಎತ್ತರದಲ್ಲಿ ಹತ್ತು ಮೀಟರ್ ಮುಟ್ಟುವುದೇ ಅಪರೂಪ. ವಯಸ್ಸಿನಲ್ಲಿ ಐದಾರು ಶತಮಾನ ದಾಟಿದವು ಅನೇಕ. ನನಗೆ ಈ ಕಾಡಿನ ಬಗ್ಗೆ ಅತಿ ಹೆಚ್ಚು ಗೌರವ ಮೂಡಿಸುವ ಸಂಗತಿ ಇದೇ: ತೋಳಿನ ದಪ್ಪದ ಕಾಂಡವೂ ನೂರು ವರ್ಷ ಹಳೆಯದಾಗಿರಬಹುದು.

ನೀರಿನ ವಿಷಯದಲ್ಲಿ ಇವೆರಡರ ನಡೆ ತೀರ ಭಿನ್ನ. ಎಲೆಯ ಸೂಕ್ಷ್ಮ ಪತ್ರರಂಧ್ರಗಳ ಮೂಲಕ ಮರ ಇಂಗಾಲದ ಡೈಆಕ್ಸೈಡನ್ನು ಒಳಗೆ ಎಳೆದುಕೊಳ್ಳುತ್ತದೆ. ಅದೇ ರಂಧ್ರಗಳಿಂದ ನೀರು ಹೊರಹೋಗುತ್ತದೆ. ರಂಧ್ರ ತೆರೆದರೆ ಆಹಾರ ಸಿಗುತ್ತದೆ, ನೀರು ಹೋಗುತ್ತದೆ. ಮುಚ್ಚಿದರೆ ನೀರು ಉಳಿಯುತ್ತದೆ, ಆಹಾರ ನಿಲ್ಲುತ್ತದೆ. ಮಣ್ಣು ಒಣಗತೊಡಗಿದ ಕೂಡಲೇ ಪಿನ್ಯನ್ ರಂಧ್ರಗಳನ್ನು ಮುಚ್ಚಿ, ಕೂಡಿಟ್ಟ ಪಿಷ್ಟವನ್ನು ಕರಗಿಸುತ್ತ ಮಳೆಗಾಗಿ ಕಾಯುತ್ತದೆ. ಜೂನಿಪರ್ ಮಣ್ಣು ಇನ್ನಷ್ಟು ಒಣಗಿದರೂ ರಂಧ್ರಗಳನ್ನು ತೆರೆದೇ ಇಟ್ಟು, ಕಷ್ಟಪಟ್ಟು ನೀರೆಳೆಯುತ್ತ, ನಿಧಾನವಾಗಿಯಾದರೂ ಆಹಾರ ತಯಾರಿಸುತ್ತಿರುತ್ತದೆ. ಆದಾಯ ನಿಂತ ತಿಂಗಳಲ್ಲಿ ಒಂದು ಮನೆಯವರು ಅಂಗಡಿ ಮುಚ್ಚಿ ಉಳಿತಾಯದಲ್ಲಿ ದಿನ ತಳ್ಳಿದರೆ, ಇನ್ನೊಂದು ಮನೆಯವರು ನಷ್ಟದ ಅಪಾಯವಿದ್ದರೂ ಅಂಗಡಿ ತೆರೆದಿಡುವಂಥ ವ್ಯತ್ಯಾಸ ಇದು. ಹೀಗೆ ಒಣಮಣ್ಣಿನಿಂದ ಬಲವಾಗಿ ಎಳೆಯುವಾಗ ಕಾಂಡದೊಳಗಿನ ನೀರಿನ ಎಳೆ ಕಡಿದು, ಗಾಳಿಗುಳ್ಳೆ ಸೇರಿ ನಾಳ ನಿಷ್ಪ್ರಯೋಜಕವಾಗುವ ಅಪಾಯ ಎಲ್ಲ ಮರಗಳಿಗೂ ಇದೆ. ಜೂನಿಪರ್‌ನ ನಾಳಗಳು ಆ ಸೆಳೆತವನ್ನು ಪಿನ್ಯನ್‌ಗಿಂತ ಬಹಳ ಹೆಚ್ಚಿನ ಮಟ್ಟದವರೆಗೆ ತಡೆದುಕೊಳ್ಳುತ್ತವೆ. ವಲಯದ ಕೆಳಗಿನ ಅಂಚಿನಲ್ಲಿ ಜೂನಿಪರ್ ಒಂಟಿಯಾಗಿ ನಿಂತಿರುವುದಕ್ಕೂ, ಮೇಲಿನ ತೇವದ ಭಾಗದಲ್ಲಿ ಪಿನ್ಯನ್ ಮುಂದಾಗುವುದಕ್ಕೂ ಇದೇ ಕಾರಣ.

ಸಣ್ಣ ಬರಗಳಿಗೆ ಪಿನ್ಯನ್‌ನ ಎಚ್ಚರಿಕೆ ಸಾಕಾಗುತ್ತದೆ; ದೀರ್ಘವಾದ, ಬಿಸಿಯಾದ ಬರಕ್ಕೆ ಸಾಲದು. 2002 ಮತ್ತು 2003ರಲ್ಲಿ ಇದು ಅತ್ಯಂತ ದಾರುಣವಾಗಿ ಕಾಣಿಸಿತು. ತಿಂಗಳುಗಟ್ಟಲೆ ರಂಧ್ರ ಮುಚ್ಚಿ ಸೊರಗಿದ ಪಿನ್ಯನ್‌ಗಳಲ್ಲಿ ತೊಗಟೆ ಕೊರೆಯುವ ದುಂಬಿಗಳನ್ನು ಹೊರದಬ್ಬಲು ಬೇಕಾದಷ್ಟು ರಾಳವೂ ಉಳಿಯಲಿಲ್ಲ. ಇಪ್ಸ್ ಎಂಬ ಆ ದುಂಬಿ ಅಕ್ಕಿಕಾಳಿನಷ್ಟು ದೊಡ್ಡದು. ಆರೋಗ್ಯವಂತ ಮರದೊಳಗೆ ನುಗ್ಗಿದರೆ ಅಂಟಿನಲ್ಲಿ ಮುಳುಗಿ ಸಾಯುತ್ತದೆ. ಈ ಸಲ ಸಾಯಲಿಲ್ಲ. ನಾಲ್ಕು ರಾಜ್ಯಗಳಲ್ಲಿ ಸಾವಿರಾರು ಚದರ ಕಿಲೋಮೀಟರ್ ಕಾಡಿನಲ್ಲಿ ಪಿನ್ಯನ್‌ಗಳು ಕೆಂಪಗೆ ತಿರುಗಿ ಒಣಗಿದವು. ನ್ಯೂ ಮೆಕ್ಸಿಕೊದ ಲಾಸ್ ಅಲಮೋಸ್ ಬಳಿಯ ಒಂದು ಅಧ್ಯಯನ ತಾಣದಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಪಿನ್ಯನ್ ಸತ್ತವು. ಅವುಗಳ ಪಕ್ಕದಲ್ಲೇ ಇದ್ದ ಜೂನಿಪರ್‌ಗಳಲ್ಲಿ ಹೆಚ್ಚಿನವು ಬದುಕಿದವು. ಗಮನಿಸಬೇಕಾದ ಅಂಶವೆಂದರೆ, 1950ರ ದಶಕದ ಬರದಲ್ಲಿ ಮಳೆ ಇದಕ್ಕಿಂತಲೂ ಕಡಿಮೆಯಾಗಿತ್ತು; ಆದರೆ ಆಗ ಗಾಳಿ ಇಷ್ಟು ಬಿಸಿಯಾಗಿರಲಿಲ್ಲ, ಪಿನ್ಯನ್ ಸಾವು ಇಷ್ಟು ವ್ಯಾಪಕವಾಗಿರಲಿಲ್ಲ. ಆ ಹಳೆಯ ಬರ ಬೇರೊಂದು ಗಡಿಯನ್ನು ಸರಿಸಿತ್ತು: ಅದೇ ಲಾಸ್ ಅಲಮೋಸ್ ಬಳಿಯ ಬ್ಯಾಂಡೆಲಿಯರ್ ರಾಷ್ಟ್ರೀಯ ಸ್ಮಾರಕದಲ್ಲಿ ಪಾಂಡೆರೋಸಾ ಪೈನ್‌ಗಳು ಸತ್ತು, ಪಿನ್ಯನ್ ಮತ್ತು ಜೂನಿಪರ್ ಕಾಡಿನ ಮೇಲಂಚು ಐದು ವರ್ಷಗಳೊಳಗೆ ಎರಡು ಕಿಲೋಮೀಟರ್‌ನಷ್ಟು ಮುಂದೆ ಸರಿಯಿತು. ಸಸ್ಯವಲಯದ ಗಡಿ ಶತಮಾನಗಳಲ್ಲಿ ಮೆಲ್ಲನೆ ಸರಿಯುತ್ತದೆಂಬ ನಂಬಿಕೆಗೆ ಇದು ಬಲವಾದ ಪೆಟ್ಟು ಕೊಟ್ಟಿತು.

ಸತ್ತ ಕಾಡು ಮರಳಿ ಹುಟ್ಟುವ ಬಗೆ ಇನ್ನೂ ಸೊಗಸಾದದ್ದು. ಬಹುತೇಕ ಪೈನ್‌ಗಳ ಬೀಜಕ್ಕೆ ಗಾಳಿಯಲ್ಲಿ ತೇಲಲು ರೆಕ್ಕೆಯಿರುತ್ತದೆ. ಪಿನ್ಯನ್ ಬೀಜಕ್ಕೆ ಅದು ಇಲ್ಲ. ಅವರೆಕಾಳಿನಷ್ಟು ದಪ್ಪವಾದ, ಎಣ್ಣೆ ತುಂಬಿದ ಆ ಬೀಜ ತಾನಾಗಿ ಬಿದ್ದರೆ ತಾಯಿಮರದ ಬುಡದಲ್ಲೇ ಬೀಳುತ್ತದೆ. ಅದನ್ನು ದೂರಕ್ಕೆ ಒಯ್ಯುವುದು ಕಾಗೆಯ ಕುಟುಂಬಕ್ಕೆ ಸೇರಿದ, ಮೈಯೆಲ್ಲ ನೀಲಿಯಾದ ಪಿನ್ಯನ್ ಜೇ ಎಂಬ ಹಕ್ಕಿ. ನೂರಾರು ಹಕ್ಕಿಗಳ ಹಿಂಡು ಮರಕ್ಕೆ ಇಳಿದು, ರಾಳ ಸುರಿಯುವ ಶಂಕುವಿನೊಳಗೆ, ಅಂದರೆ ಬೀಜ ಹೊತ್ತ ಪೈನ್ ಕಾಯಿಯೊಳಗೆ, ಕೊಕ್ಕು ತೂರಿಸಿ ಬೀಜ ಕೀಳುತ್ತದೆ. ಇತರ ಜೇಗಳಿಗೆ ಇರುವಂತೆ ಇದರ ಮೂಗಿನ ಹೊಳ್ಳೆಗಳ ಮೇಲೆ ಪುಕ್ಕ ಇಲ್ಲದಿರುವುದರಿಂದ ಅಂಟು ಮೆತ್ತಿಕೊಳ್ಳುವುದಿಲ್ಲ. ಪ್ರತಿ ಬೀಜವನ್ನೂ ಹಕ್ಕಿ ಪರೀಕ್ಷಿಸುತ್ತದೆ: ತಿಳಿಕಂದು ಬಣ್ಣದ ಬೀಜ ಜಳ್ಳು, ಗಾಢ ಕಂದು ಬಣ್ಣದ್ದು ಗಟ್ಟಿ, ಬಣ್ಣ ನೋಡಿ, ಕೊಕ್ಕಿನಲ್ಲಿ ಹಿಡಿದು ತೂಕ ನೋಡಿ, ಕೊಕ್ಕನ್ನು ಕಟಕಟನೆ ಆಡಿಸಿ ಸದ್ದು ಕೇಳಿ, ಜಳ್ಳನ್ನು ಬಿಸಾಡುತ್ತದೆ. ಹಿಗ್ಗುವ ಅನ್ನನಾಳದಲ್ಲಿ ಹತ್ತಾರು ಬೀಜ ತುಂಬಿಕೊಂಡು ಕಿಲೋಮೀಟರ್‌ಗಟ್ಟಲೆ ಹಾರಿ, ಹಿಮ ಬೇಗ ಕರಗುವ ಜಾಗಗಳಲ್ಲಿ ಮಣ್ಣಿನೊಳಗೆ ಹುದುಗಿಸುತ್ತದೆ. ಹುದುಗಿಸಿದ ಜಾಗಗಳನ್ನು ಈ ಹಕ್ಕಿಗಳು ತಿಂಗಳುಗಟ್ಟಲೆ ನೆನಪಿಡುತ್ತವೆ ಎಂಬುದನ್ನು ಫ್ಲ್ಯಾಗ್‌ಸ್ಟಾಫ್‌ನ ನಾರ್ದರ್ನ್ ಅರಿಜೋನಾ ವಿಶ್ವವಿದ್ಯಾಲಯದಲ್ಲಿ ರಸೆಲ್ ಬಾಲ್ಡಾ ಮತ್ತು ಸಹೋದ್ಯೋಗಿಗಳು ಪ್ರಯೋಗಗಳಿಂದ ತೋರಿಸಿದರು. ತಿಂದು ಮಿಕ್ಕ ಬೀಜಗಳಲ್ಲಿ ಕೆಲವು ಮೊಳೆಯುತ್ತವೆ. ಬಯಲಿನಲ್ಲಿ ಮೊಳೆತದ್ದು ಬಿಸಿಲಿಗೆ ಸುಟ್ಟುಹೋಗುತ್ತದೆ. ಜೂನಿಪರ್ ಅಥವಾ ಸೇಜ್‌ಬ್ರಶ್‌ನ ನೆರಳಿನಲ್ಲಿ ಮೊಳೆತ ಸಸಿ ಉಳಿಯುವ ಸಾಧ್ಯತೆ ಹೆಚ್ಚು.

ಮರದ ಕಡೆಯಿಂದಲೂ ಒಂದು ಉಪಾಯವಿದೆ. ಮೊಗ್ಗು ಮೂಡಿದಂದಿನಿಂದ ಶಂಕು ಬಲಿಯಲು ಎರಡು ವರ್ಷಕ್ಕೂ ಹೆಚ್ಚು ಕಾಲ ಬೇಕು. ಜೊತೆಗೆ ಪ್ರತಿ ವರ್ಷ ಫಸಲು ಬರುವುದಿಲ್ಲ. ಮೂರರಿಂದ ಏಳು ವರ್ಷಕ್ಕೊಮ್ಮೆ ಇಡೀ ಸೀಮೆಯ ಪಿನ್ಯನ್‌ಗಳು ಒಟ್ಟಿಗೆ ಕಾಯಿ ಬಿಡುತ್ತವೆ. ನಡುವಿನ ಬರಡು ವರ್ಷಗಳಲ್ಲಿ ಬೀಜ ತಿನ್ನುವ ಕೀಟ, ಇಲಿಗಳ ಸಂಖ್ಯೆ ಕುಗ್ಗುತ್ತದೆ. ಸುಗ್ಗಿಯ ವರ್ಷದಲ್ಲಿ ಎಲ್ಲರೂ ತಿಂದರೂ ಮೊಳೆಯಲು ಬೀಜ ಮಿಗುತ್ತದೆ. ಮನುಷ್ಯರೂ ಈ ಸುಗ್ಗಿಯ ಪಾಲುದಾರರು. ನವಾಹೊ, ಹೋಪಿ, ಜೂನಿ, ಯೂಟ್ ಜನಾಂಗಗಳಿಗೆ ಪಿನ್ಯನ್ ಬೀಜ ಚಳಿಗಾಲದ ಆಹಾರವಾಗಿತ್ತು. ಇಂದೂ ಶರತ್ಕಾಲದಲ್ಲಿ ಕುಟುಂಬಗಳು ಕಂಬಳಿ ಹಾಸಿ ಕೊಂಬೆ ಬಡಿದು ಬೀಜ ಆಯುತ್ತವೆ. ಪಿನ್ಯನ್ ರಾಳವನ್ನು ಬುಟ್ಟಿಗೆ ಸವರಿದರೆ ನೀರು ಸೋರದ ಕೊಡವಾಗುತ್ತದೆ. ಜೂನಿಪರ್ ಎಲೆ ಸುಟ್ಟ ಬೂದಿಯನ್ನು ನವಾಹೊಗಳು ನೀಲಿ ಮೆಕ್ಕೆಜೋಳದ ಅಂಬಲಿಗೆ ಬೆರೆಸುತ್ತಾರೆ, ಅದರಿಂದ ಊಟಕ್ಕೆ ಸುಣ್ಣಾಂಶ ಸೇರುತ್ತದೆ. ನಮ್ಮಲ್ಲಿ ಒಣಹಣ್ಣಿನ ಅಂಗಡಿಗಳಲ್ಲಿ ದುಬಾರಿ ಬೆಲೆಗೆ ಸಿಗುವ ಚಿಲ್ಗೋಜ ಪಿನ್ಯನ್‌ನ ದೂರದ ಸಂಬಂಧಿಯಾದ ಹಿಮಾಲಯದ ಪೈನ್ ಒಂದರ ಬೀಜ. ಹಿಮಾಚಲದ ಕಿನ್ನೌರ್‌ನ ಮಳೆನೆರಳಿನ ಒಣ ಇಳಿಜಾರುಗಳು ಅದರ ನೆಲೆ.

ಇಂದಿನ ವಲಯಗಳು ಎಷ್ಟು ಹಳೆಯವು ಎಂಬ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ಒಂದು ಇಲಿಯ ತಿಪ್ಪೆಯಲ್ಲಿ. ಪ್ಯಾಕ್‌ರ್ಯಾಟ್ ಎಂಬ ಇಲಿ ಗುಹೆಗಳಲ್ಲಿ, ಸುತ್ತಲಿನ ಕೆಲವೇ ಹತ್ತು ಮೀಟರ್‌ಗಳೊಳಗಿನ ಕಡ್ಡಿ, ಎಲೆ, ಬೀಜಗಳನ್ನು ತಂದು ರಾಶಿ ಹಾಕುತ್ತದೆ. ಅದರ ಗಟ್ಟಿ ಮೂತ್ರ ಒಣಗಿ ರಾಶಿಯನ್ನು ಕಂದು ಗಾಜಿನಂತೆ ಬಂಧಿಸುತ್ತದೆ. ಮಳೆ ಹೊಡೆಯದ ಗುಹೆಯಲ್ಲಿ ಇವು ಹತ್ತಾರು ಸಾವಿರ ವರ್ಷ ಕೆಡದೆ ಉಳಿದಿವೆ. ನೆವಾಡದ ಮರುಭೂಮಿಯಲ್ಲಿ, ಈಗ ಒಂದು ಮರವೂ ಇಲ್ಲದ ಕಡೆ ಸಿಕ್ಕ ಇಂಥ ರಾಶಿಗಳಲ್ಲಿ ಜೂನಿಪರ್ ರೆಂಬೆಗಳಿದ್ದುದನ್ನು 1964ರಲ್ಲಿ ಫಿಲಿಪ್ ವೆಲ್ಸ್ ಮತ್ತು ಕ್ಲೈವ್ ಜೋರ್ಗೆನ್ಸನ್ ಪ್ರಕಟಿಸಿದರು. ಅನಂತರ ದೊರೆತ ನೂರಾರು ರಾಶಿಗಳು ಒಂದೇ ಮಾತನ್ನು ಹೇಳಿದವು: ಕಳೆದ ಹಿಮಯುಗದಲ್ಲಿ ಪಿನ್ಯನ್ ಮತ್ತು ಜೂನಿಪರ್ ಇಂದಿನ ಮರುಭೂಮಿಯ ತಗ್ಗುಗಳಲ್ಲಿದ್ದವು, ಸುಮಾರು ಹನ್ನೊಂದು ಸಾವಿರ ವರ್ಷಗಳ ಹಿಂದೆ ಹವೆ ಬಿಸಿಯಾದ ಮೇಲೆ ಮೇಲಕ್ಕೂ ಉತ್ತರಕ್ಕೂ ವಲಸೆ ಹೋದವು. ಎಲ್ಲ ಮರಗಳೂ ಒಟ್ಟಿಗೆ ಹೋಗಲಿಲ್ಲ; ಒಂದೊಂದು ಪ್ರಭೇದ ತನ್ನದೇ ವೇಗದಲ್ಲಿ, ತನ್ನದೇ ದಾರಿಯಲ್ಲಿ ಸರಿಯಿತು. ಆದ್ದರಿಂದ ವಲಯವೆಂಬುದು ಒಂದು ಘಟಕವಾಗಿ ಚಲಿಸುವ ವಸ್ತುವಲ್ಲ, ಬೇರೆ ಬೇರೆ ಸಸ್ಯಗಳ ನೀರಿನ ಲೆಕ್ಕಗಳು ಸದ್ಯಕ್ಕೆ ಒಂದೆಡೆ ಹೊಂದಿಕೊಂಡ ಸ್ಥಿತಿ.

ಮರಗಳ ನಡುವಿನ ಖಾಲಿ ನೆಲವೂ ಖಾಲಿಯಲ್ಲ. ಕಪ್ಪಗೆ, ಉಬ್ಬುತಗ್ಗಾಗಿ ಕಾಣುವ ಮೇಲ್ಮಣ್ಣು ಸಯನೋಬ್ಯಾಕ್ಟೀರಿಯಾ, ಕಲ್ಲುಹೂ, ಹಾವಸೆಗಳು ಹೆಣೆದ ಜೀವಂತ ಪದರ. ಅದು ಮಣ್ಣನ್ನು ಗಾಳಿಗೆ ಹಾರದಂತೆ ಹಿಡಿಯುತ್ತದೆ, ಗಾಳಿಯ ಸಾರಜನಕವನ್ನು ಗಿಡಗಳಿಗೆ ಒದಗಿಸುತ್ತದೆ. ಒಂದು ಹೆಜ್ಜೆಯ ಗುರುತು ಮಾಸಲು ದಶಕಗಳೇ ಬೇಕಾಗಬಹುದಾದ್ದರಿಂದ ಆರ್ಚಸ್ ಮತ್ತು ಕ್ಯಾನ್ಯನ್‌ಲ್ಯಾಂಡ್ಸ್ ರಾಷ್ಟ್ರೀಯ ಉದ್ಯಾನಗಳಲ್ಲಿ ಕಾಲುದಾರಿ ಬಿಟ್ಟು ನಡೆಯಬೇಡಿ ಎಂದು ಪ್ರವಾಸಿಗಳಿಗೆ ಮತ್ತೆ ಮತ್ತೆ ಹೇಳಲಾಗುತ್ತದೆ. ಆ ಮಾತನ್ನು ದಯವಿಟ್ಟು ಪಾಲಿಸಬೇಕು. ದನಗಳ ಗೊರಸು ಈ ಪದರವನ್ನು ಒಡೆದ ಕಡೆಗಳಲ್ಲಿ ಯುರೇಷಿಯಾದಿಂದ ಬಂದ ಚೀಟ್‌ಗ್ರಾಸ್ ಎಂಬ ಹುಲ್ಲು ಹಬ್ಬಿದೆ. ವಸಂತದಲ್ಲಿ ಬೆಳೆದು ಬೇಸಿಗೆಯ ಆರಂಭದಲ್ಲೇ ಒಣಗುವ ಈ ಹುಲ್ಲು, ಮರಗಳ ನಡುವಿನ ಅಂತರದಲ್ಲಿ ಬೆಂಕಿ ಸಾಗಲು ದಾರಿ ಮಾಡಿಕೊಡುತ್ತದೆ. ಹಳೆಯ ಪಿನ್ಯನ್ ಕಾಡಿನಲ್ಲಿ ದೊಡ್ಡ ಬೆಂಕಿ ಶತಮಾನಗಳಿಗೊಮ್ಮೆ ಬರುವಂಥದ್ದು. ಕೊಲರಾಡೊದ ಮೆಸಾ ವರ್ಡೆ ಉದ್ಯಾನದಲ್ಲಿ 1996, 2000 ಮತ್ತು 2002ರ ಕಾಡುಗಿಚ್ಚುಗಳು ಕೆಲವೇ ವರ್ಷಗಳಲ್ಲಿ ಉದ್ಯಾನದ ಬಹುಭಾಗವನ್ನು ಸುಟ್ಟವು. ಪಾಂಡೆರೋಸಾದ ದಪ್ಪ ತೊಗಟೆ ನೆಲದ ಬೆಂಕಿಯನ್ನು ತಾಳುತ್ತದೆ. ಪಿನ್ಯನ್‌ಗೆ ಆ ರಕ್ಷಣೆ ಇಲ್ಲ.

ಮನುಷ್ಯರು ಈ ಕಾಡನ್ನು ಬಹಳ ಕಾಲ ಮೇವಿಗೆ ಅಡ್ಡಿಯೆಂದೇ ಕಂಡರು. 1950 ಮತ್ತು 1960ರ ದಶಕಗಳಲ್ಲಿ ಎರಡು ಬುಲ್ಡೋಜರ್‌ಗಳ ನಡುವೆ ಹಡಗಿನ ಲಂಗರಿನ ಸರಪಳಿ ಕಟ್ಟಿ ಎಳೆದು, ಲಕ್ಷಾಂತರ ಎಕರೆಗಳಲ್ಲಿ ಮರಗಳನ್ನು ಬುಡಸಮೇತ ಕಿತ್ತು ಹುಲ್ಲು ಬಿತ್ತಿದರು. ಇಂದು ಮರ ತೆಗೆಯುವ ಕಾರಣ ಬದಲಾಗಿದೆ. ಹತ್ತೊಂಬತ್ತನೆಯ ಶತಮಾನದ ಕೊನೆಯಿಂದ ಅನೇಕ ಕಡೆ ಜೂನಿಪರ್ ಮತ್ತು ಪಿನ್ಯನ್ ಸೇಜ್‌ಬ್ರಶ್ ಬಯಲಿಗೆ ಹರಡಿವೆ. ಅತಿಯಾದ ಮೇಯಿಸುವಿಕೆ, ಬೆಂಕಿ ನಂದಿಸುವ ನೀತಿ, ಹವೆಯ ಬದಲಾವಣೆ, ಹಿಂದೆ ಸೌದೆಗೆ ಕಡಿದ ಕಾಡು ಮರಳಿ ಬೆಳೆದದ್ದು, ಇವುಗಳಲ್ಲಿ ಯಾವುದರ ಪಾಲು ಎಷ್ಟು ಎಂಬುದು ಜಾಗದಿಂದ ಜಾಗಕ್ಕೆ ಬೇರೆ. ಸೇಜ್ ಗ್ರೌಸ್ ಎಂಬ ನೆಲವಾಸಿ ಹಕ್ಕಿ ಮರಗಳಿರುವ ಬಯಲಿನಿಂದ ದೂರ ಸರಿಯುವುದರಿಂದ, ಅದರ ರಕ್ಷಣೆಗಾಗಿ ಈ ಮರಗಳನ್ನು ತೆರವು ಮಾಡಲಾಗುತ್ತಿದೆ. ಅತ್ತ ಪಿನ್ಯನ್ ಜೇ ಹಕ್ಕಿಗಳ ಸಂಖ್ಯೆ ಕಳೆದ ಅರ್ಧ ಶತಮಾನದಲ್ಲಿ ಅರ್ಧಕ್ಕಿಂತ ಬಹಳ ಕೆಳಗೆ ಇಳಿದಿದೆ. ಆ ಹಕ್ಕಿ ಬೀಜ ಹುದುಗಿಸಲು ಇಷ್ಟಪಡುವುದು ಕಾಡು ಮತ್ತು ಬಯಲು ಕೂಡುವ ಅಂಚಿನ ಅದೇ ಜಾಗಗಳನ್ನು. ನ್ಯೂ ಮೆಕ್ಸಿಕೊ ಮತ್ತು ಒಕ್ಲಹೋಮಾದ ಒಂಬತ್ತು ತಾಣಗಳಲ್ಲಿ 1974ರ ಆಸುಪಾಸಿನ ದಶಕಕ್ಕೆ ಹೋಲಿಸಿದರೆ 2008ರ ಆಸುಪಾಸಿನ ದಶಕದಲ್ಲಿ ಪಿನ್ಯನ್ ಶಂಕುಗಳ ಇಳುವರಿ ನೂರಕ್ಕೆ ನಲವತ್ತರಷ್ಟು ಕುಸಿದಿತ್ತು. ಬೇಸಿಗೆಯ ಕೊನೆಯಲ್ಲಿ, ಮೊಗ್ಗು ಮೂಡುವ ಹೊತ್ತಿಗೆ, ಬಿಸಿಲು ಹೆಚ್ಚು ಏರಿದ ತಾಣಗಳಲ್ಲಿ ಕುಸಿತವೂ ಹೆಚ್ಚು. ಹೀಗಿರುವಾಗ ಒಂದು ಬಯಲಿನಲ್ಲಿ ಮರ ತೆಗೆಯಬೇಕೇ ಬೇಡವೇ ಎಂಬುದನ್ನು ಎತ್ತರದ ನಕ್ಷೆ ನೋಡಿ ತೀರ್ಮಾನಿಸಲಾಗದು. ಅಲ್ಲಿನ ಮಣ್ಣು ಆಳವೇ ಕಲ್ಲೇ, ನಿಂತಿರುವ ಜೂನಿಪರ್ ಐವತ್ತು ವರ್ಷದ್ದೇ ಐನೂರು ವರ್ಷದ್ದೇ, ಅದರ ನೆರಳಿನಲ್ಲಿ 2003ರ ನಂತರ ಮೊಳೆತ ಪಿನ್ಯನ್ ಸಸಿಗಳಿವೆಯೇ ಎಂಬುದನ್ನು ನೆಲಕ್ಕೆ ಬಗ್ಗಿ ನೋಡಿಯೇ ನಿರ್ಧರಿಸಬೇಕು. ಏಕೆಂದರೆ ಜೂನಿಪರ್ ತೆಗೆದಲ್ಲಿ ಆ ಸಸಿಗಳು ಉಳಿಯುವ ಸಾಧ್ಯತೆಯೂ ಕುಗ್ಗುತ್ತದೆ.